ಬೀಗದ ನಟ್ಟು

ವಿಜಯದಶಮಿಯ ಬೆಳಗ್ಗೆ ಹಿರಿಯೂರಿನ ಹತ್ತಿ ವ್ಯಾಪಾರಿ ಶಿವಕುಮಾರಪ್ಪನವರ ಜೀಪಿನ ಹಿಂದಿನ ಎರಡು ಚಕ್ರ ಕಳುವಾಗಿದ್ದವು. ಹಾಗಂತ ಜೀಪೇನೂ ಕಲ್ಲಿನ ಮೇಲೆ ಕೂತಿರಲಿಲ್ಲ. ಕದ್ದವನು ಹೊಸ ಟೈರಿನ ಚಕ್ರ ಬಿಚ್ಚಿಕೊಂಡು, ಆ ಜಾಗಕ್ಕೆ ಬೋಳು ಟೈರಿನ ಹಳೇ ಚಕ್ರ ಹಾಕಿ, ನಟ್ಟೆಲ್ಲ ಬಿಗಿದು ಹೋಗಿದ್ದ. ಅದರಲ್ಲೊಂದರ ಗಾಳಿ ಇಳಿದು ಜೀಪು ಒಂದು ಮಗ್ಗುಲಿಗೆ ವಾಲಿತ್ತು. ಇಂಥ ಮರ್ಯಾದಸ್ಥ ಕಳ್ಳನನ್ನು ದಫೇದಾರ್ ಹನುಮಂತಯ್ಯ ತನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ.

ಹನುಮಂತಯ್ಯ ಮೊದಲೇ ಕೂತಲ್ಲಿ ಕೂರುವ ಆಸಾಮಿಯಲ್ಲ. ಠಾಣೆಯಲ್ಲಿ ಬೆಂಚಿದ್ದರೂ ಬಾಗಿಲಿಗೂ ಲಾಕಪ್ಪಿಗೂ ನಡುವೆ ತಿರುಗುತ್ತಲೇ ಇರುವವನು. ಅವತ್ತಂತೂ ಕೂರದಿರಲು ಇನ್ನೊಂದು ಕಾರಣವೂ ಇತ್ತು. ಶಿವಕುಮಾರಪ್ಪನವರ ಜೀಪು ಓಡಿಸುವ ಕಾಟಪ್ಪನಿಗೆ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸ ಸಿಕ್ಕಿತ್ತು. ಮರುದಿನವೇ ಚಿತ್ರದುರ್ಗದಲ್ಲಿ ಹಾಜರಾಗಬೇಕು. ಹೋಗುವಾಗ ಕೈಯಲ್ಲಿ ಪೊಲೀಸರ ಚೀಟಿ ಇರಬೇಕು: ಈತನ ಮೇಲೆ ಯಾವ ಕೇಸೂ ಇಲ್ಲ, ನಡತೆ ಚೆನ್ನಾಗಿದೆ ಅಂತ. ಆ ಚೀಟಿಯನ್ನು ಹನುಮಂತಯ್ಯನೇ ಬರೆದು ಜೇಬಿನಲ್ಲಿಟ್ಟುಕೊಂಡಿದ್ದ. ಸಬ್ ಇನ್‌ಸ್ಪೆಕ್ಟರ ರುಜು ಒಂದು ಬಾಕಿ. ಈಗ ನೋಡಿದರೆ ಶಿವಕುಮಾರಪ್ಪನವರ ಮನೆಯ ಆಳು ಓಡಿಬಂದು, ಕದ್ದವನು ಅಂತ ಹೇಳಿದ್ದು ಅದೇ ಕಾಟಪ್ಪನ ಹೆಸರು.

ಇನ್‌ಸ್ಪೆಕ್ಟರು ದಸರಾ ಬಂದೋಬಸ್ತಿಗೆ ದುರ್ಗಕ್ಕೆ ಹೋದವರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಹೊಸಬರು. ದೂರು ಕಂಡರೆ ಮೊದಲು ದಾಖಲು ಮಾಡಿಕೊಂಡು ಆಮೇಲೆ ಓದುವ ಪೈಕಿ. ಅವರು ಬರುವಷ್ಟರಲ್ಲಿ ಇದು ಇತ್ಯರ್ಥವಾಗದಿದ್ದರೆ ಕಾಟಪ್ಪನ ಕೆಲಸಕ್ಕೆ ಎಳ್ಳುನೀರು. ಹನುಮಂತಯ್ಯ ಸೈಕಲ್ ಹತ್ತಿದ. ಸೈಕಲ್ಲಿನ ಹ್ಯಾಂಡಲ್ಲಿಗೆ ಹಿಂದಿನ ದಿನದ ಆಯುಧಪೂಜೆಯ ವಿಭೂತಿ, ಕುಂಕುಮ, ಬಾಡಿದ ಸೇವಂತಿಗೆ. ದಾರಿಯುದ್ದಕ್ಕೂ ಲಾರಿ, ಗಾಡಿ, ಟ್ರ್ಯಾಕ್ಟರು, ಹೊಲಿಗೆ ಮಿಷನ್ನು, ತಕ್ಕಡಿ ಎಲ್ಲಕ್ಕೂ ಅದೇ ಅಲಂಕಾರ. ಹಬ್ಬದ ಮರುದಿನ ಊರಿಗೆ ಊರೇ ಹಣೆಗೆ ಇಟ್ಟುಕೊಂಡು ನಿಂತಿರುತ್ತದೆ. ಅದನ್ನು ಯಾರೂ ನಿಂತು ನೋಡುವುದಿಲ್ಲ, ಹನುಮಂತಯ್ಯನೂ ನೋಡಲಿಲ್ಲ.

ಸಾವ್ಕಾರ ಶಿವಕುಮಾರಪ್ಪನವರ ಮನೆಯ ಗೇಟಿನ ಬಳಿ ಕಾಟಪ್ಪನ ಹೆಂಡತಿ ಕೆಂಚಕ್ಕ ನಿಂತಿದ್ದಳು. ಬಬ್ಬೂರು ಫಾರಂನಲ್ಲಿ ಕೂಲಿಗೆ ಹೋಗುವ ಗಟ್ಟಿ ಹೆಂಗಸು. ಅಳುತ್ತಿರಲಿಲ್ಲ. ಸೈಕಲ್ಲಿನ ಹಿಡಿ ಹಿಡಿದು ನಿಲ್ಲಿಸಿದಳು.

“ದಫೇದಾರಣ್ಣ, ನಮ್ಮನೇರು ಕದ್ದಿದ್ರೆ ನಾನೇ ಕೈ ಹಿಡ್ಕಂಡು ಠಾಣೆಗೆ ತಂದು ಬಿಡ್ತಿದ್ದೆ. ಕದ್ದಿಲ್ಲ. ಸಾವ್ಕಾರ್ರು ಹೇಳಿದ್ದು ಕೇಳ್ಕಂಡು ಹೋಗಬ್ಯಾಡ್ರಿ, ನೋಡ್ರಿ. ಚೆನ್ನಾಗಿ ನೋಡ್ರಿ.”

ನೋಡುವುದಕ್ಕೇ ಬಂದಿದ್ದೇನೆ, ಸೈಕಲ್ ಬಿಡವ್ವ ಅಂತ ಹನುಮಂತಯ್ಯ ಒಳಗೆ ಹೋದ.

ಹಿತ್ತಲಲ್ಲಿ ತಗಡಿನ ಶೆಡ್ಡು. ಮೂತಿ ಹೊರಗೆ, ಹಿಂಭಾಗ ಗೋಡೆಯ ಕಡೆಗಿದ್ದ ಜೀಪನ್ನು ಆಳುಗಳು ಅಂಗಳಕ್ಕೆ ತಳ್ಳಿ ತಂದಿದ್ದರು. ಗೋಡೆಯಾಚೆ ಅಕ್ಕಪಕ್ಕದ ಜನ ಸಂತೆಯ ಹಾಗೆ ಸೇರಿತ್ತು. ಕಾಟಪ್ಪ ಬೇವಿನ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ, ತಲೆ ಎತ್ತಲಿಲ್ಲ. ಶಿವಕುಮಾರಪ್ಪನವರು ಮಾತ್ರ ಜೀಪಿನ ಸುತ್ತ ತಿರುಗುತ್ತಿದ್ದರು. ತುಂಬಿದ ಮೈ, ದಪ್ಪ ಕನ್ನಡಕ, ಹಣೆಯ ಮೇಲೆ ಎರಡೆಳೆ ವಿಭೂತಿ. ಬಲಗೈಯ ಉಂಗುರದ ಬೆರಳಿಗೆ ಒಂದು ನಿಂಬೆಹಣ್ಣು ತೂತು ಮಾಡಿ ಸಿಕ್ಕಿಸಿಕೊಂಡಿದ್ದರು. ಉಗುರುಸುತ್ತು. ಹಬ್ಬಕ್ಕೆ ಮುಂಚೆಯೇ ಶುರುವಾಗಿದ್ದು ಇನ್ನೂ ಒಡೆದಿಲ್ಲ ಅಂತ ದಫೇದಾರನಿಗೆ ಆ ಬೆರಳೆತ್ತಿ ತೋರಿಸಿದರು. ಕಳುವಿನ ಮಾತಿಗೆ ಬಂದದ್ದು ಆಮೇಲೆ.

ಕಳುವಿನ ಕಥೆ ಹೀಗೆ. ಆ ವರ್ಷ ಟೈರು ಸಿಗುವುದು ಚಿನ್ನ ಸಿಕ್ಕಿದಂತೆ. ಶಿವಕುಮಾರಪ್ಪನವರು ಕಂಡಕಂಡವರ ಕೈಕಾಲು ಹಿಡಿದು ಜೀಪಿಗೆ ನಾಲ್ಕು ಹೊಸ ಟೈರು ತರಿಸಿದ್ದರು. ಹೆದ್ದಾರಿ ಪಕ್ಕದ ಊರು, ರಾತ್ರಿಯೆಲ್ಲ ಲಾರಿಗಳು ನಿಲ್ಲುತ್ತವೆ. ಯಾರಾದರೂ ಬಿಚ್ಚಿಕೊಂಡು ಹೋದರೆ? ಅದಕ್ಕೆಂದೇ ಚಿತ್ರದುರ್ಗದ ಲೇತಿನ ಎತ್ತಪ್ಪನ ಹತ್ತಿರ ನಾಲ್ಕು ಬೀಗದ ನಟ್ಟು ಮಾಡಿಸಿದರು. ಚಕ್ರಕ್ಕೊಂದು. ಮಿಕ್ಕ ನಟ್ಟೆಲ್ಲ ಮಾಮೂಲಿನವು, ಪಾನಾ ಹಾಕಿದರೆ ಬಿಚ್ಚುತ್ತವೆ. ಈ ಒಂದು ಮಾತ್ರ ಗುಂಡಗೆ, ನುಣ್ಣಗೆ, ಪಾನಾ ಹಾಕಿದರೆ ಜಾರುತ್ತದೆ. ಮುಖದ ಮೇಲೆ ಮೂರೆಸಳಿನ ಹೂವಿನಂತೆ ಒಂದು ಗುಳಿ. ಆ ಗುಳಿಗೆ ಸರಿಯಾಗಿ ಕೂರುವ ಗೇಣುದ್ದದ ಚಾವಿ ಒಂದೇ ಒಂದು. ಇನ್ನೊಂದು ಮಾಡುವುದಿಲ್ಲ ಅಂತ ಎತ್ತಪ್ಪನಿಂದ ಆಣೆ ಮಾಡಿಸಿಕೊಂಡಿದ್ದರು.

ಆ ಚಾವಿ ಈಗ ಕಾಣೆಯಾಗಿತ್ತು.

ಹನುಮಂತಯ್ಯ ಕೇಳಿದ್ದಕ್ಕೆ ಸಾವ್ಕಾರರು ಒಂದೊಂದೇ ಬೆರಳು ಮಡಚಿ ಹೇಳಿದರು. ಚಾವಿ ಇರುತ್ತಿದ್ದದ್ದು ಕಾಟಪ್ಪನ ಹತ್ತಿರ. ಅವನು ಹಬ್ಬಕ್ಕೆ ಮೊದಲು ರಜೆ ಹಾಕಿ ಹೆಂಡತಿಯ ತವರು ಶ್ರೀರಾಂಪುರಕ್ಕೆ ಹೋದವನು ಚಾವಿಯನ್ನು ತಮಗೆ ಕೊಟ್ಟು ಹೋಗಿರಲಿಲ್ಲ. ಆಯುಧಪೂಜೆಯ ಸಂಜೆ ವಾಪಸು ಬಂದ. ಶೆಡ್ಡಿನಲ್ಲೇ ಮಂಚ ಹಾಕಿಕೊಂಡು ಮಲಗಿದ. ಬೆಳಗ್ಗೆ ನೋಡಿದರೆ ಹೀಗೆ.

“ಪೂಜೆ ಹೊತ್ತಿಗೆ ಚಕ್ರ ಹೊಸವೇ ಇದ್ವಾ? ನೀವೇ ನೋಡಿದ್ರಾ?”

“ನೋಡೋದೇನು ದಫೇದಾರ್ರೇ, ನನ್ ಕೈಯಾರೆ ನಾಲ್ಕೂ ಚಕ್ರಕ್ಕೆ ಪೂಜೆ ಮಾಡಿದೀನಿ. ಹೊಸವೇ ಇದ್ವು. ಇವನು ಬಂದ ಮೇಲೇ ಹೋಗಿರೋದು. ಬೇಕಾದ್ರೆ ಹಂಗೇ ಬರ್ಕಳ್ರಿ.”

ಚಕ್ರ ಎಲ್ಲಿಗೆ ಹೋಯಿತು ಅಂದರೆ, ಗೋಡೆಯಾಚೆ ನಿಂತ ಯಾವುದೋ ಲಾರಿಗೆ ಏರಿಸಿರುತ್ತಾನೆ, ಈಗ ಪೂನಾ ಮುಟ್ಟಿರುತ್ತವೆ ಅಂದರು. ಹೇಳಿದ ಮೇಲೆ ದನಿ ಇಳಿಸಿ, ಹನುಮಂತಯ್ಯನ ಹೆಗಲಿಗೆ ಎಡಗೈ ಹಾಕಿದರು.

“ನಂಗೇನೂ ಅವನ್ನ ಜೈಲಿಗೆ ಕಳಿಸ್ಬೇಕಂತಿಲ್ಲ. ಹೆಂಡ್ತಿ ಇರೋನು. ನಿಮ್ ಸಾಹೇಬ್ರಿಗೆ ಒಂದು ಮಾತು ತಿಳಿಸ್ರಿ, ಆ ಸರ್ಕಾರಿ ಕೆಲ್ಸದ ಚೀಟಿ ತಡೀರಿ, ಸಾಕು. ಇಲ್ಲೇ ನನ್ ಹತ್ರ ಮೊದಲಿನಂಗೆ ಇರ್ಲಿ.”

ಹನುಮಂತಯ್ಯನಿಗೆ ಈ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗಾಯಿತು. ಕದ್ದವನನ್ನು ಮನೆಯಿಂದ ಅಟ್ಟುವವರನ್ನು ನೋಡಿದ್ದ, ಹೊಡೆದು ಬಡಿದವರನ್ನೂ ನೋಡಿದ್ದ. ಇಟ್ಟುಕೊಳ್ಳುತ್ತೇನೆ ಅನ್ನುವವರನ್ನು ನೋಡಿರಲಿಲ್ಲ. ಆದರೆ ದೊಡ್ಡ ಮನುಷ್ಯರು, ದೊಡ್ಡ ಮನಸ್ಸೂ ಇರಬಹುದಲ್ಲ? ಆ ಯೋಚನೆಯನ್ನು ಬದಿಗಿಟ್ಟು ಬೇವಿನ ಮರದ ಕಡೆಗೆ ನಡೆದ.

“ಏನಪ್ಪ ಕಾಟಪ್ಪ, ಚಾವಿ ಎಲ್ಲೈತೆ?”

“ಊರಿಗೆ ಹೋಗೋವಾಗ ಸಾವ್ಕಾರ್ರ ಕೈಗೆ ಕೊಟ್ಟೆ.”

“ಯಾರು ನೋಡಿದ್ರು?”

“ಯಾರೂ ನೋಡ್ಲಿಲ್ಲ. ಕೊಡೋವಾಗ ಸಾಕ್ಷಿ ಕರ್ಕಂಡು ಕೊಡ್ತಾರಾ ಸಾರ್?”

ಮಾತು ಒಣಗಿತ್ತು. ಹನುಮಂತಯ್ಯ ಅವನ ಸುತ್ತ ಒಂದು ಸುತ್ತು ಹಾಕಿದ. ಹಬ್ಬದ ದಿನ ಹೆಂಡತಿಯ ತವರು ಬಿಟ್ಟು ಇಲ್ಲಿಗೇಕೆ ಬಂದು ಮಲಗಿದೆ ಅಂದ. ಸಾವ್ಕಾರ್ರೇ ಹೇಳಿ ಕಳಿಸಿದ್ದರು, ಕೊನೆಯ ರಾತ್ರಿ ಇಲ್ಲೇ ಇದ್ದು ಬನ್ನಿ ತಗೊಂಡು ಹೋಗು ಅಂತ. ಬಂದ ಮೇಲೆ ಜೀಪಿನ ಹತ್ತಿರ ಹೋಗಿ ನೋಡಲಿಲ್ಲವೋ? ಇಲ್ಲ. ಕತ್ತಲಾಗಿತ್ತು, ಹಿಂದಿನ ಚಕ್ರ ಗೋಡೆಯ ಕಡೆಗಿದ್ದವು. ಅದೂ ಅಲ್ಲದೆ, ಪೂಜೆಗೆ ಕೂತ ಗಾಡಿ. ಮರುದಿನ ಮಂಗಳಾರತಿ ಆಗುವವರೆಗೂ ಮುಟ್ಟುವ ಹಾಗಿಲ್ಲ. ಮುಟ್ಟಲಿಲ್ಲ. ಹನ್ನೊಂದು ವರ್ಷ ಕೈಯಾಡಿಸಿದ ಗಾಡಿ, ದೂರದಿಂದಲೇ ಕೈಮುಗಿದು ಮಲಗಿದೆ ಅಂದ.

ನಂಬುವಂಥ ಮಾತೇ. ಆದರೆ ನಂಬಿಕೆಯನ್ನು ಇನ್‌ಸ್ಪೆಕ್ಟರ ಮುಂದೆ ಇಡಲಾಗುತ್ತದೆಯೇ? ಚಾವಿ ಅವನ ಹತ್ತಿರ ಇತ್ತು ಅಂತ ಸಾವ್ಕಾರರು, ಕೊಟ್ಟೆ ಅಂತ ಇವನು. ಶೆಡ್ಡಿನಲ್ಲಿ ಮಲಗಿದ್ದವನೂ ಇವನೇ. ಹನುಮಂತಯ್ಯ ಗಡಿಯಾರ ನೋಡಿಕೊಂಡ, ಜೇಬಿನ ಚೀಟಿ ಮುಟ್ಟಿ ನೋಡಿಕೊಂಡ, ಮತ್ತೆ ಅಂಗಳ ಸುತ್ತಿದ. ಕೆಂಚಕ್ಕ ಗೇಟಿನಿಂದ ಅವನ ಕಾಲನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಹೆದ್ದಾರಿಯ ಪಂಚರ್ ಅಂಗಡಿ ದುರುಗಣ್ಣ ಚೀಲ ಹೊತ್ತು ಬಂದ. ಸಾವ್ಕಾರರೇ ಕರೆಸಿದ್ದರು. ಜೀಪು ಬೇಕಂತೆ, ಗಾಳಿ ಇಳಿದ ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಬೇಕಂತೆ. ಈ ದುರುಗಣ್ಣನ ಮೇಲೂ ಹನುಮಂತಯ್ಯನಿಗೆ ಒಂದು ಕಣ್ಣಿತ್ತು. ಎಲ್ಲಿಂದಲೋ ಬಂದ ಟೈರು ಎಲ್ಲಿಗೋ ಹೋಗುವುದು ಅವನ ಅಂಗಡಿಯ ಮೇಲೇ. ರಾತ್ರಿ ಎಲ್ಲಿದ್ದೆ ಅಂತ ಗದರಿಸಿದ. ದುರುಗಣ್ಣ ಹೆದರುವ ಪೈಕಿಯಲ್ಲ. ಅಂಗಡಿ ಪೂಜೆ ಮಾಡಿ ಆದಿವಾಲಕ್ಕೆ ಹೋಗಿದ್ದೆ, ಬೆಳಗ್ಗೆ ಮೊದಲ ಬಸ್ಸಿಗೆ ಬಂದೆ, ಕಂಡಕ್ಟರನ್ನು ಕೇಳ್ರಿ ಅಂದ. ಈ ಊರಲ್ಲಿ ಹೊಸ ಜೀಪಿನ ಟೈರು ಕೈ ಬದಲಾದರೆ ಮೂಗಿಗೆ ವಾಸನೆ ಬರುತ್ತದೆ, ನಿನ್ನೆ ಅಂಥ ವಾಸನೆ ಯಾವುದೂ ಬಂದಿಲ್ಲ ಅಂತಲೂ ಸೇರಿಸಿದ.

“ಚಾವಿ ಇಲ್ದೆ ಬಿಚ್ತೀಯೇನಲೇ?”

“ಬಿಚ್ಚಾಣ ಬರ್ರಿ. ಸುಲಭ ಅಲ್ಲ. ನಟ್ಟು ಕೆಡ್ತದೆ, ಸದ್ದು ಆಗ್ತದೆ. ಗುಟ್ಟಾಗಿ ಮಾಡೋ ಕೆಲ್ಸ ಅಲ್ಲ.”

ಮಾಮೂಲಿ ನಟ್ಟುಗಳನ್ನು ಪಾನಾ ಹಾಕಿ ಸಡಿಲಿಸಿದ. ಆಮೇಲೆ ಬೀಗದ ನಟ್ಟಿನ ಮುಂದೆ ಮಂಡಿಯೂರಿದ. ನಟ್ಟಿನ ಹಿಂದಿನಿಂದ ಎರಡು ತೊಟ್ಟು ಸೀಮೆಎಣ್ಣೆ ಬಿಟ್ಟು ಬೀಡಿ ಹಚ್ಚಿ ಕೂತ. ಹನುಮಂತಯ್ಯನಿಗೆ ತಡೆಯಲಾಗಲಿಲ್ಲ. ಏನು ಕೂತೆ, ಏಳು ಅಂದ. ಎಣ್ಣೆ ಒಳಗೆ ಇಳಿಯಬೇಕು, ಅವಸರ ಮಾಡಿದರೆ ಬೋಲ್ಟೇ ಮುರಿಯುತ್ತದೆ ಅಂತ ದುರುಗಣ್ಣ ಬೀಡಿ ಮುಗಿಸಿಯೇ ಉಳಿ ತೆಗೆದ. ನಟ್ಟಿನ ಅಂಚಿಗೆ ಉಳಿಯ ಬಾಯಿ ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದ. ಒಂದು ಪೆಟ್ಟು. ಇನ್ನೊಂದು. ಮೊದಲು ಅಲುಗಲೇ ಇಲ್ಲ. ಅಂಚಿನಲ್ಲಿ ಗಾಯವಾಯಿತು, ಉಳಿ ಹಿಡಿಯಿತು. ಮತ್ತೊಂದು ಪೆಟ್ಟಿಗೆ ನಟ್ಟು ಒಂದು ಎಳ್ಳಿನಷ್ಟು ತಿರುಗಿತು.

ಬಗ್ಗಿ ನೋಡುತ್ತಿದ್ದ ಹನುಮಂತಯ್ಯ ಬಗ್ಗಿದ ಹಾಗೇ ನಿಂತುಬಿಟ್ಟ.

ಉಳಿ ಜಾರಿತು. ದುರುಗಣ್ಣ ಬೈದುಕೊಂಡು ಚೀಲದಿಂದ ಒಂದು ಹಳೇ ಬಾಕ್ಸ್ ಪಾನಾ ಆರಿಸಿದ. ನಟ್ಟಿಗಿಂತ ಕೂದಲೆಳೆ ಚಿಕ್ಕದು. ಅದನ್ನು ನಟ್ಟಿನ ಮೇಲಿಟ್ಟು ದೊಡ್ಡ ಸುತ್ತಿಗೆಯಲ್ಲಿ ಬಡಿದು ಬಡಿದು ಕೂರಿಸಿದ. ಆ ಸದ್ದಿಗೆ ಗೋಡೆಯಾಚೆಯ ಜನ ಕಿವಿ ಮುಚ್ಚಿಕೊಂಡರು. ಪಾನಾಕ್ಕೆ ಕಬ್ಬಿಣದ ಸಲಾಕೆ, ಸಲಾಕೆಗೆ ಮಾರುದ್ದದ ಪೈಪು ತೊಡಿಸಿ ಮೈಭಾರ ಬಿಟ್ಟ. ಕಟಕ್ ಅಂತ ಒಂದು ಶಬ್ದ. ನಟ್ಟು ಸೋತಿತು. ಜಾಕಿ ಎತ್ತಿ ಚಕ್ರ ತೆಗೆದಿಟ್ಟು, ಹೇಗೂ ಬಂದಿದ್ದೇನೆ, ಆ ಕಡೆಯ ಬೀಗದ ನಟ್ಟನ್ನೂ ಸಡಿಲಿಸಿಬಿಡುತ್ತೇನೆ ಅಂತ ಸುತ್ತಿಗೆ ಎತ್ತಿಕೊಂಡ.

“ಅದನ್ನ ಮುಟ್ಟಬ್ಯಾಡ” ಅಂದ ಹನುಮಂತಯ್ಯ. ಅವನ ದನಿ ಕೇಳಿ ಕಾಟಪ್ಪನೂ ತಲೆ ಎತ್ತಿದ. ಬೆಳಗಿನಿಂದ ಒಂದು ಕಡೆ ನಿಲ್ಲದ ದಫೇದಾರ ಆ ಇನ್ನೊಂದು ಚಕ್ರದ ಮುಂದೆ ನೆಲಕ್ಕೆ ಕೂತಿದ್ದ. ಕೂತವನು ಏಳಲೇ ಇಲ್ಲ. ಕೆಂಚಕ್ಕ ಗೇಟು ಬಿಟ್ಟು ನಾಲ್ಕು ಹೆಜ್ಜೆ ಒಳಗೆ ಬಂದಳು.

ಕೊನೆಗೆ ಎದ್ದು ಮುಂದಿನ ಎರಡು ಚಕ್ರ ನೋಡಿದ. ಆಮೇಲೆ ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಹೋಗಿ, ಸಾವ್ಕಾರರ ತಾಯಿ ಪಾರ್ವತಮ್ಮನವರ ಹತ್ತಿರ ಕುಡಿಯಲು ಮಜ್ಜಿಗೆ ಕೇಳಿದ.

ಪಾರ್ವತಮ್ಮನವರಿಗೆ ವಯಸ್ಸಾಗಿತ್ತು, ಎದೆ ಬಲಹೀನ. ಕಾಟಪ್ಪ ಕದ್ದ ಅನ್ನುವುದು ಅವರ ಮನಸ್ಸಿಗೆ ಇಳಿದೇ ಇರಲಿಲ್ಲ. ಹನುಮಂತಯ್ಯ ಮಜ್ಜಿಗೆ ಕುಡಿಯುತ್ತ, ಕಾಟಪ್ಪ ಇಲ್ಲದಾಗ ನಿಮಗೆ ಓಡಾಟಕ್ಕೆ ತೊಂದರೆ ಆಯಿತೇನೋ ಅವ್ವಾರೆ ಅಂದ. ತೊಂದರೆ ಏನು ಬಂತು, ಶಿವಕುಮಾರನೇ ಜೀಪು ಓಡಿಸಿಕೊಂಡು ಹೊಳಲ್ಕೆರೆಗೆ ಮಗಳ ಮನೆಗೆ ಕರೆದುಕೊಂಡು ಹೋಗಿದ್ದ ಅಂದರು ಆಕೆ. ಹೋಗುವಾಗ ದಾರಿಯಲ್ಲಿ ಎತ್ತಿನ ಗಾಡಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತಂತೆ. ಬರುವಾಗ ಜೀಪು ಹಿಂದಿನಿಂದ ಜಾರುತ್ತಿತ್ತಂತೆ. ಅಳಿಯ ಮುರುಗಪ್ಪನ ಮನೆಯಲ್ಲೂ ಒಂದು ಹಳೇ ಜೀಪು ಮೂಲೆಯಲ್ಲಿ ನಿಂತಿದೆ, ಅದನ್ನಾದರೂ ರಿಪೇರಿ ಮಾಡಿಸಬಾರದೇ ಅಂತ ಮಾತು ಎಲ್ಲಿಗೋ ಹೋಯಿತು. ಹನುಮಂತಯ್ಯನಿಗೆ ಅಲ್ಲಿಗೆ ಸಾಕಾಗಿತ್ತು. ಅವರನ್ನೂ ಅಂಗಳಕ್ಕೆ ಬರಹೇಳಿದ.

“ಸಾವ್ಕಾರ್ರೆ, ಹೊಸ ಚಕ್ರ ಪೂನಾಕ್ಕೆ ಹೋಗಿಲ್ಲ” ಅಂದ. “ಹೊಳಲ್ಕೆರೆಯಾಗೆ ಅವೆ. ನಿಮ್ ಭಾವನ ಮನೇಲಿ.”

ಶಿವಕುಮಾರಪ್ಪನವರು ನಕ್ಕರು. ನಗು ಅರ್ಧಕ್ಕೇ ನಿಂತಿತು.

“ಏನ್ ಮಾತಾಡ್ತೀರಿ? ಪೂಜೆ ದಿನ ಚಕ್ರ ಇಲ್ಲೇ ಇದ್ವು ಅಂತ ಹೇಳ್ಲಿಲ್ವಾ?”

“ಹೇಳಿದ್ರಿ. ಕೈಯಾರೆ ಪೂಜೆ ಮಾಡಿದೆ ಅಂತನೂ ಹೇಳಿದ್ರಿ. ಅದು ನಿಜ. ಬರ್ರಿ, ಇಲ್ಲಿ ಕುಂತ್ಕಂಡು ನೋಡ್ರಿ.”

ಎಲ್ಲರನ್ನೂ ಆ ಬಿಚ್ಚದ ಚಕ್ರದ ಮುಂದೆ ಕರೆದ. ಬೋಳು ಟೈರು, ತುಕ್ಕು ಹಿಡಿದ ಡಿಸ್ಕು. ಮಾಮೂಲಿ ನಟ್ಟುಗಳ ಮೇಲೆ ಒಂದೊಂದು ಕುಂಕುಮದ ಬೊಟ್ಟು. ಬೀಗದ ನಟ್ಟಿನ ಮೇಲೆ ಮಾತ್ರ ವಿಭೂತಿಯ ಪಟ್ಟೆ. ಡಿಸ್ಕಿನಿಂದ ಹೊರಟು, ನಟ್ಟಿನ ಮೇಲೆ ಹಾದು, ಆ ಬದಿಯ ಡಿಸ್ಕಿಗೆ ಒಂದೇ ಎಳೆತಕ್ಕೆ ಎಳೆದದ್ದು. ನಟ್ಟಿನ ಗುಳಿಯೊಳಗೂ ವಿಭೂತಿ ತುಂಬಿ ಗಟ್ಟಿಯಾಗಿತ್ತು.

“ನೋಡ್ರಿ, ಇಲ್ಲಿ ಗೆರೆ ಎಲ್ಲೂ ಮುರಿದಿಲ್ಲ. ಆ ಕಡೆ ಚಕ್ರದಾಗೂ ಹಿಂಗೇ ಇತ್ತು. ದುರುಗಣ್ಣ ಉಳಿ ಇಟ್ಟು ಬಡಿದ. ನಟ್ಟು ಎಳ್ಳಷ್ಟು ತಿರುಗ್ತು, ನಟ್ಟಿನ ಮೇಲಿನ ಗೆರೆ ಡಿಸ್ಕಿನ ಗೆರೆ ಬಿಟ್ಟು ಪಕ್ಕಕ್ಕೆ ಹೋಯ್ತು. ಆಗ ನಂಗೆ ಹೊಳೀತು. ವಿಭೂತಿ ಹಚ್ಚಿದ ಮೇಲೆ ಈ ನಟ್ಟನ್ನ ಯಾರೂ ತಿರುಗಿಸಿಲ್ಲ. ಚಾವಿ ಹಾಕಿದ್ರೆ ಗುಳಿ ಒಳಗಿಂದು ಕಿತ್ಕಂಡು ಬರ್ಬೇಕಿತ್ತು, ಅದೂ ಬಂದಿಲ್ಲ.”

ದುರುಗಣ್ಣ ಬಗ್ಗಿ ಗುಳಿಯೊಳಗೆ ಇಣುಕಿ ನೋಡಿ ತಲೆಯಾಡಿಸಿದ.

“ಕಾಟಪ್ಪ ರಾತ್ರಿ ಚಕ್ರ ಬಿಚ್ಚಿದ್ರೆ ಪೂಜೆ ಮಾಡಿದ ಚಕ್ರ ಹೋಗ್ಬೇಕು, ಅದರ ವಿಭೂತಿನೂ ಅದರ ಜೊತೆಗೇ ಹೋಗ್ಬೇಕು. ಈ ಹಳೇ ಚಕ್ರ ಬರಿ ಹಣೇಲಿ ಇರ್ಬೇಕಿತ್ತು. ಇದರ ಮೇಲೆ ಪೂಜೆ ಹೆಂಗೆ ಬಂತು?”

ಊರಿನ ಎಲ್ಲ ಚಕ್ರಕ್ಕೂ ಇದ್ದದ್ದು ಈ ಚಕ್ರಕ್ಕೂ ಇತ್ತು. ಅದಕ್ಕೇ ಬೆಳಗಿನಿಂದ ಅಷ್ಟು ಜನ ನೋಡಿದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಶಿವಕುಮಾರಪ್ಪನವರು ಕನ್ನಡಕ ತೆಗೆದು ಒರೆಸಿದರು. ಕಳ್ಳನೇ ಹಚ್ಚಿರಬಹುದು, ಗುರುತು ಸಿಗಬಾರದು ಅಂತ, ಅಂದರು. ಮಾತಿನಲ್ಲಿ ಮೊದಲಿನ ಜೋರಿರಲಿಲ್ಲ.

ಹನುಮಂತಯ್ಯ ಇದಕ್ಕೇ ಕಾದಿದ್ದ. ಒಂದು ಬಟ್ಟಲಲ್ಲಿ ವಿಭೂತಿ ಕಲಸಿ ತರಿಸಿದ. ಸ್ಟೆಪ್ನಿಯನ್ನು ಮರಕ್ಕೆ ಒರಗಿಸಿ, ಪೂಜೆಯಲ್ಲಿ ಹಚ್ಚುವ ಹಾಗೆ ಹಚ್ಚು ಅಂತ ಕಾಟಪ್ಪನಿಗೆ ಹೇಳಿದ. ಕಾಟಪ್ಪ ಬೆರಳು ಅದ್ದಿ ಎಳೆದ. ಮೂರು ಗೆರೆ. ದುರುಗಣ್ಣನೂ ಎಳೆದ. ಮೂರು ಗೆರೆ.

“ಈಗ ನೀವು ಹಚ್ರಿ ಸಾವ್ಕಾರ್ರೆ.”

ಶಿವಕುಮಾರಪ್ಪನವರು ಕೈ ಎತ್ತಿದರು. ತೋರುಬೆರಳು, ನಡುಬೆರಳು, ಅದರ ಪಕ್ಕಕ್ಕೆ ದಪ್ಪ ನಿಂಬೆಹಣ್ಣು. ಆ ಕೈಯನ್ನು ತಾವೇ ಒಂದು ಗಳಿಗೆ ನೋಡಿಕೊಂಡು ಕೆಳಗಿಳಿಸಿದರು. ಹಚ್ಚುವ ಅಗತ್ಯವಿರಲಿಲ್ಲ. ಜೀಪಿನ ಮುಂದಿನ ಚಕ್ರಗಳ ಮೇಲೆ ಎರಡೇ ಗೆರೆ. ಹಿಂದಿನ ಬೋಳು ಚಕ್ರದ ಮೇಲೂ ಎರಡೇ ಗೆರೆ. ಅವರ ಹಣೆಯ ಮೇಲೂ ಎರಡೇ.

“ಚಕ್ರ ಬದ್ಲಾಯಿಸಿದ್ದು ಹೊಳಲ್ಕೆರೆಯಾಗೆ, ಹಬ್ಬಕ್ಕೆ ಮುಂಚೆ” ಅಂದ ಹನುಮಂತಯ್ಯ. “ಆಗ ಕಾಟಪ್ಪ ಶ್ರೀರಾಂಪುರದಾಗೆ ಇದ್ದ. ಚಾವಿ ನಿಮ್ ಹತ್ರನೇ ಇತ್ತು. ಅಲ್ಲಿ ಮೂಲೆಯಾಗೆ ನಿಂತಿರೋ ಜೀಪಿನ ಬೋಳು ಚಕ್ರ ಹಾಕಿದ್ರಿ, ಸರಿ. ಪೂಜೆ ದಿನ ಅವೆರಡನ್ನೂ ಹಂಗೇ ಬಿಟ್ಟಿದ್ರೆ ನಂಗೆ ಏನೂ ಗೊತ್ತಾಗ್ತಿರ್ಲಿಲ್ಲ. ನಿಮ್ ಕೈಯಾಗೆ ಬಿಡಕಾಗ್ಲಿಲ್ಲ, ಅಲ್ವೇನ್ರಿ?”

“ಹೆಂಗೆ ಬಿಡ್ಲಿ” ಅಂದರು ಶಿವಕುಮಾರಪ್ಪನವರು. “ಆಯುಧಪೂಜೆ ದಿನ ಎರಡು ಚಕ್ರಕ್ಕೆ ಮಾಡಿ ಎರಡಕ್ಕೆ ಬಿಡಕಾಗ್ತದಾ?”

ಒಬ್ಬ ಮನುಷ್ಯನ ಹೆಸರು ಕೆಡಿಸಲು ಹಿಂಜರಿಯದ ಕೈ ಒಂದು ತುಕ್ಕು ಚಕ್ರವನ್ನು ಪೂಜೆಯಿಲ್ಲದೆ ಬಿಡಲು ಹಿಂಜರಿದಿತ್ತು. ಹನುಮಂತಯ್ಯನಿಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಪಾರ್ವತಮ್ಮನವರು ಎದ್ದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಗೇಣುದ್ದದ ಕಬ್ಬಿಣದ ಚಾವಿ ಇತ್ತು. ದೇವರ ಗೂಡಿನ ಹಿಂದೆ ಬೆಳಗ್ಗೆ ದೀಪ ಹಚ್ಚುವಾಗಲೇ ಕಂಡಿತ್ತಂತೆ. ಗಾಡಿ ಸಾಮಾನು, ಪೂಜೆಗೆ ಇಟ್ಟಿದ್ದಾನೆ ಅಂದುಕೊಂಡಿದ್ದರಂತೆ. ಕಳೆದದ್ದು ಇದೇ ಚಾವಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

“ಯಾಕೋ ಹಿಂಗೆ ಮಾಡ್ದೆ?” ಅಂದರು ಮಗನಿಗೆ.

ಶಿವಕುಮಾರಪ್ಪನವರು ಜೀಪಿನ ಮೆಟ್ಟಿಲ ಮೇಲೆ ಕುಸಿದರು. “ಆ ಎತ್ತಿನ ಗಾಡಿ ನಂಗೆ ಕಾಣ್ಲೇ ಇಲ್ಲ ಕಣವ್ವ. ಮೂತಿ ಹತ್ರ ಬಂದ ಮೇಲೆ ಕಂಡಿದ್ದು. ನನ್ ಕಣ್ಣು ಹೋಗ್ತಾ ಐತೆ. ಪಕ್ಕದಾಗೆ ನೀನು ಕುಂತಿದ್ದೆ. ಹೋದ್ ವರ್ಷ ನಿಂಗೆ ಎದೆನೋವು ಬಂದಾಗ ಇವನು ದುರ್ಗದ ಆಸ್ಪತ್ರೆ ಮುಟ್ಟಿಸ್ದ. ಇವನು ಹೋದ್ಮೇಲೆ ಮತ್ತೆ ಬಂದ್ರೆ? ನಿನ್ನ ಯಾರ ಕೈಗೆ ಕೊಡ್ಲಿ? ಆ ಕೆಲ್ಸ ಒಂದು ತಪ್ಪಿಹೋದ್ರೆ ಇಲ್ಲೇ ಇರ್ತಾನೆ ಅಂದ್ಕಂಡೆ. ಅಷ್ಟೇ.”

“ಅಷ್ಟೇನಾ?” ಅಂದಳು ಕೆಂಚಕ್ಕ. ಅವಳನ್ನು ತಡೆದು ಕಾಟಪ್ಪ ಬೆಳಗಿನಿಂದ ಮೊದಲ ಸಲ ಎದ್ದು ನಿಂತ.

“ಇರು ಅಂತ ನನ್ನ ಒಂದು ಮಾತು ಕೇಳಿದ್ರಾ ಸಾವ್ಕಾರ್ರೆ? ಇನ್ನೊಬ್ಬ ಡ್ರೈವರ್‌ನ ಹುಡುಕ್ಕೊಡು ಅಂದಿದ್ರೆ ಹುಡುಕಿ, ತಯಾರು ಮಾಡಿ ಹೋಗ್ತಿದ್ದೆ. ಆಯ್ತು. ನೀವು ಅಂದ್ಕಂಡಂಗೇ ಆಯ್ತು ಅಂತ ಇಟ್ಕಳ್ರಿ. ಕೆಲ್ಸ ತಪ್ತು, ನಾನು ಇಲ್ಲೇ ಉಳ್ಕಂಡೆ. ಇವನು ಕಳ್ಳ ಅಂತ ಊರಿಗೆಲ್ಲ ಹೇಳಿದೋರು ನೀವೇ. ಆಮೇಲೆ ಅವ್ವಾರ್ನ ನನ್ ಗಾಡಿಯಾಗೆ ಹೆಂಗೆ ಕೂರಿಸಿ ಕಳಿಸ್ತಿದ್ರಿ?”

ಅದನ್ನು ಶಿವಕುಮಾರಪ್ಪನವರು ಯೋಚಿಸಿಯೇ ಇರಲಿಲ್ಲ ಅನ್ನುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹನುಮಂತಯ್ಯ ಮತ್ತೆ ಗಡಿಯಾರ ನೋಡಿದ. ಕಾಲು ಮತ್ತೆ ತುರಿಸತೊಡಗಿತ್ತು. ದೂರು ಇನ್ನೂ ಕಾಗದಕ್ಕೆ ಬಂದಿಲ್ಲ, ನಿಮ್ಮ ಪುಣ್ಯ ಅಂದ. ಆದರೆ ಕಳ್ಳ ಅಂತ ಯಾರ ಮುಂದೆ ಕೂಗಿದ್ದೀರೋ ಅವರ ಮುಂದೆಯೇ ಅಲ್ಲ ಅಂತಲೂ ಹೇಳಬೇಕು, ಗೋಡೆಯಾಚೆ ಕಾದಿದ್ದಾರೆ ಅಂದ. ಶಿವಕುಮಾರಪ್ಪನವರು ಎದ್ದು ಹೋಗಿ ಹೇಳಿದರು. ಹಿಂದೆ ನಿಂತಿದ್ದ ಯಾರೋ ಕೇಳಿಸಲಿಲ್ಲ ಅಂದರು. ಮತ್ತೆ ಹೇಳಿದರು.

ಅವರು ತಿರುಗಿ ಬರುವಷ್ಟರಲ್ಲಿ ಕಾಟಪ್ಪ ಪಾರ್ವತಮ್ಮನವರ ಕೈಯಿಂದ ಚಾವಿ ಈಸಿಕೊಂಡು ಕೆಲಸಕ್ಕೆ ಕೂತಿದ್ದ. ಮೊದಲು ಸ್ಟೆಪ್ನಿ ಏರಿಸಿದ. ಆ ಬಿಚ್ಚದ ಚಕ್ರಕ್ಕೆ ಚಾವಿ ತಗುಲಿದ್ದೇ ತಡ, ಗುಳಿಯೊಳಗಿನ ವಿಭೂತಿ ಪುಡಿಯಾಗಿ ಉದುರಿತು. ಸ್ಟೆಪ್ನಿ ಏರಿಸಿದ. ಉಳಿದ ಮೂರು ಚಕ್ರದಿಂದಲೂ ಬೀಗದ ನಟ್ಟು ಬಿಚ್ಚಿದ. ನಾಲ್ಕು ಕಡೆಗೂ ದುರುಗಣ್ಣನ ಚೀಲದಿಂದ ಮಾಮೂಲಿ ನಟ್ಟು ತೆಗೆದು ಹಾಕಿ ಬಿಗಿದ. ದುರುಗಣ್ಣ ಬಿಚ್ಚಿದ ಗಾಯದ ನಟ್ಟನ್ನೂ ಸೇರಿಸಿ ನಾಲ್ಕನ್ನೂ ಸಾವ್ಕಾರರ ಕೈಯಲ್ಲಿಟ್ಟ.

“ಇವು ಇನ್ನು ಬ್ಯಾಡ್ರಿ. ಹೊಸ ಡ್ರೈವರ್ ಬರ್ತಾನೆ, ಚಾವಿ ಎಲ್ಲಿಟ್ಟೆ ಅಂತ ಮರೀತಾನೆ. ಅವ್ವಾರ್ನ ಕರ್ಕಂಡು ಹೋಗೋವಾಗ ದಾರ್ಯಾಗೆ ಪಂಚರ್ ಆದ್ರೆ ಒದ್ದಾಡಬಾರ್ದು.”

ಆಗ ಶಿವಕುಮಾರಪ್ಪನವರ ಕಣ್ಣು ತುಂಬಿತು. ಜೇಬಿಗೆ ಕೈ ಹಾಕಿ ನಾಲ್ಕು ಬನ್ನಿ ಎಲೆ ತೆಗೆದು ನೀಡಿದರು. ಹಿರಿಯರು ಮೊದಲು ಕೊಡುವ ಪದ್ಧತಿಯಿಲ್ಲ, ಆದರೂ ನೀಡಿದರು. ಕಾಟಪ್ಪ ತಗೊಂಡ. ಬನ್ನಿ ತಗೊಂಡು ಬಂಗಾರದಂಗಿರಾಣ ಅನ್ನುವ ಮಾತು ಮಾತ್ರ ಇಬ್ಬರ ಬಾಯಿಂದಲೂ ಬರಲಿಲ್ಲ.

ಹೆದ್ದಾರಿಯ ಕಡೆಯಿಂದ ದುರ್ಗದ ಬಸ್ಸಿನ ಹಾರನ್ನು ಕೇಳಿಸಿತು. ಹನುಮಂತಯ್ಯ ಜೇಬು ಮುಟ್ಟಿ ನೋಡಿಕೊಂಡು, ಕಾಟಪ್ಪನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಹತ್ತಿಸಿಕೊಂಡು, ಸಾಹೇಬರ ರುಜು ಹಾಕಿಸಲು ಬಸ್ ಸ್ಟಾಂಡಿನ ಕಡೆಗೆ ತುಳಿದ. ಕೆಂಚಕ್ಕ ಸೆರಗು ಬಿಗಿದು ಹಿಂದೆಯೇ ನಡೆದಳು. ಪಾರ್ವತಮ್ಮನವರು ಗೇಟಿನವರೆಗೆ ಬಂದು, ಮೂವರೂ ಕಣ್ಮರೆಯಾಗುವವರೆಗೆ ನಿಂತಿದ್ದರು. ಒಳಗೆ ಹೋಗುವಾಗ ಮಗ ಕೈ ಹಿಡಿಯಲು ಬಂದರೆ, ಬೇಡ, ನಾನೇ ಹೋಗುತ್ತೇನೆ ಅಂದರು.